ಹಂಚಿನ ಮೇಲಿನ ಪಾಚಿ: ಕೆರೆಯಬೇಕೆ, ಬಿಡಬೇಕೆ?

ಕರಾವಳಿ ಮತ್ತು ಮಲೆನಾಡಿನ ಮನೆಗಳ ಮಾಡಿನ ಮೇಲೆ ಮಳೆಗಾಲದಲ್ಲಿ ಹಬ್ಬುವ ಪಾಚಿಯನ್ನು ತೆಗೆಸಬೇಕೆ ಅಥವಾ ಅದರ ಪಾಡಿಗೆ ಬಿಡಬೇಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅಂದಚಂದಕ್ಕೆ ಮಾತ್ರ ಸಂಬಂಧಿಸಿದಂತೆ ಕಂಡರೂ, ಮಾಡಿನ ಬಾಳಿಕೆ, ಅದನ್ನು ಹತ್ತುವವರ ಜೀವ, ಅಂಗಳದ ಬಾವಿಯ ನೀರು ಮತ್ತು ಮನೆಯವರ ಖರ್ಚು ಈ ನಾಲ್ಕೂ ಅದರ ಉತ್ತರವನ್ನು ಅವಲಂಬಿಸಿವೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು, ಆಗುಂಬೆಯಲ್ಲಿ ಅದರ ಸುಮಾರು ಎರಡು ಪಟ್ಟು ಮಳೆ ಸುರಿಯುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುವುದರಿಂದ, ಆ ಅವಧಿಯಲ್ಲಿ ಹಂಚು, ಗೋಡೆ, ಪಾಗಾರ ಯಾವುದೂ ಪೂರ್ತಿ ಒಣಗುವುದಿಲ್ಲ.

ಈ ವಿಷಯದಲ್ಲಿ ಇಂದು ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಪಾಚಿ ಹಂಚನ್ನು ತಿಂದುಹಾಕುತ್ತದೆ, ಆದ್ದರಿಂದ ಅದನ್ನು ಯಂತ್ರದಿಂದ ತೊಳೆಸಿ ಮೇಲೆ ಬಣ್ಣ ಹೊಡೆಸಲೇಬೇಕು ಎಂಬುದು ಮೊದಲನೆಯದು. ಪಾಚಿಯಿಂದ ಮನೆ ತಂಪಾಗಿರುತ್ತದೆ, ಹಂಚಿಗೂ ಅದು ಹೊದಿಕೆಯಾಗುತ್ತದೆ, ಆದ್ದರಿಂದ ಮುಟ್ಟುವುದೇ ಬೇಡ ಎಂಬುದು ಎರಡನೆಯದು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಮಾಡು ಯಾವ ವಸ್ತುವಿನದು, ಪಾಚಿ ಅದರ ಯಾವ ಭಾಗದಲ್ಲಿದೆ, ಅಲ್ಲಿ ನೀರು ಯಾಕೆ ನಿಲ್ಲುತ್ತಿದೆ ಎಂಬುದನ್ನು ನೋಡದೆ ಕೊಡುವ ಸಲಹೆ ಎರಡೂ ಕಡೆ ತಪ್ಪುವ ಸಾಧ್ಯತೆಯೇ ಹೆಚ್ಚು.

ಹಸಿರಿನ ಬಗೆಗಳು

ಆಡುಮಾತಿನಲ್ಲಿ ಪಾಚಿ ಎಂದು ಕರೆಯುವುದರಲ್ಲಿ ಹಲವು ಬಗೆಯ ಜೀವಿಗಳು ಸೇರಿಕೊಂಡಿವೆ, ಅವುಗಳಿಂದ ಕಟ್ಟಡಕ್ಕಾಗುವ ಪರಿಣಾಮವೂ ಒಂದೇ ತೆರನಾಗಿಲ್ಲ. ಗೋಡೆ ಮತ್ತು ಹಂಚಿನ ಮೇಲೆ ಮೊದಲು ಕಾಣಿಸಿಕೊಳ್ಳುವ ಕಪ್ಪು ಕಲೆಗಳು ಬಹುಮಟ್ಟಿಗೆ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳವು. ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಈ ಜೀವಿಗಳು ಒಣಗಿದಾಗ ಕಪ್ಪಾಗಿ ಅಂಟಿಕೊಂಡಿರುತ್ತವೆ. ನೆರಳಿನ ಗೋಡೆಗಳ ಮೇಲೆ ಕಿತ್ತಳೆ ಅಥವಾ ಇಟ್ಟಿಗೆ ಬಣ್ಣದ ಮಖಮಲ್ಲಿನಂತೆ ಹರಡುವ ಟ್ರೆಂಟೆಪೋಲಿಯಾ ವಾಸ್ತವವಾಗಿ ಹಸಿರು ಶೈವಲಗಳ ಗುಂಪಿಗೆ ಸೇರಿದ್ದು, ಅದರೊಳಗೆ ತುಂಬಿರುವ ಕೆರೋಟಿನ್ ಜಾತಿಯ ವರ್ಣದ್ರವ್ಯದಿಂದಾಗಿ ಆ ಬಣ್ಣ ತಾಳುತ್ತದೆ. ಬೂದು ಅಥವಾ ತಿಳಿಹಸಿರು ಬಣ್ಣದ ಚಕ್ಕೆಗಳಂತೆ ಅಂಟಿಕೊಳ್ಳುವುದು ಕಲ್ಲುಹೂವು; ಶಿಲೀಂಧ್ರ ಮತ್ತು ಶೈವಲ ಕೂಡಿ ಬದುಕುವ ಈ ಜೀವಿ ಆಕ್ಸಾಲಿಕ್ ಆಮ್ಲದಂತಹ ವಸ್ತುಗಳನ್ನು ಸ್ರವಿಸಿ, ತಾನು ಕೂತ ಮೇಲ್ಮೈಯನ್ನು ಬಹಳ ನಿಧಾನವಾಗಿ ಒರಟಾಗಿಸುತ್ತದೆ.

ಮೆತ್ತೆಯಂತೆ ಹಸಿರಾಗಿ ಉಬ್ಬಿ ಬೆಳೆಯುವುದು ಹಾವಸೆ, ಅಂದರೆ ನಿಜವಾದ ಅರ್ಥದ ಮಾಸ್ ಸಸ್ಯ. ಜಗತ್ತಿನಲ್ಲಿ ಇದರ ಸುಮಾರು 12,000 ಪ್ರಭೇದಗಳಿವೆ. ಸಿಮೆಂಟು ಮತ್ತು ಕಲ್ಲಿನ ಮೇಲೆ ಭಾರತದಲ್ಲಿ ಸಾಮಾನ್ಯವಾಗಿ ಕಾಣಸಿಗುವ ಹಯೋಫಿಲಾ ಇನ್ವಾಲ್ಯೂಟಾ ಬಿಸಿಲಿಗೆ ಎಲೆಯ ಅಂಚುಗಳನ್ನು ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ; ನಗರಗಳ ಕಾಂಕ್ರೀಟಿನ ಮೇಲೂ ಬೆಳೆಯಬಲ್ಲ ಬ್ರಯಮ್ ಅರ್ಜೆಂಟಿಯಮ್ ಬೆಳ್ಳಿಯ ಹೊಳಪಿನಿಂದ ಗುರುತು ಸಿಗುತ್ತದೆ. ಈ ಸಸ್ಯಗಳಿಗೆ ನಿಜವಾದ ಬೇರಿಲ್ಲ. ರೈಜಾಯ್ಡ್ ಎಂಬ ಸಪುರ ಎಳೆಗಳಿಂದ ಅವು ಮೇಲ್ಮೈಯನ್ನು ಹಿಡಿದುಕೊಳ್ಳುತ್ತವೆಯೇ ಹೊರತು, ಮರದ ಬೇರು ಗೋಡೆಯನ್ನು ಸೀಳುವಂತೆ ಹಂಚನ್ನು ಸೀಳುವುದಿಲ್ಲ. ನೀರನ್ನೂ ಪೋಷಕಾಂಶಗಳನ್ನೂ ಇಡೀ ಮೈಯಿಂದ, ಮಳೆ ಮತ್ತು ಧೂಳಿನ ಮೂಲಕವೇ ಪಡೆಯುವುದರಿಂದ, ಹಂಚು ಹಾವಸೆಗೆ ಆಹಾರವಾಗುವುದಿಲ್ಲ, ಕೂರಲು ಜಾಗ ಕೊಡುತ್ತದೆ ಅಷ್ಟೆ. ಗಾಳಿಯಿಂದ ಬಂದದ್ದನ್ನೆಲ್ಲ ಮೈಯಲ್ಲಿ ಸಂಗ್ರಹಿಸಿಕೊಳ್ಳುವ ಈ ಗುಣವನ್ನೇ ಬಳಸಿಕೊಂಡು, 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ರೂಲಿಂಗ್ ಮತ್ತು ಟೈಲರ್ ಎಂಬ ವಿಜ್ಞಾನಿಗಳು ಹಾವಸೆಯ ಮೂಲಕ ಗಾಳಿಯಲ್ಲಿನ ಭಾರಲೋಹಗಳನ್ನು ಅಳೆಯುವ ವಿಧಾನಕ್ಕೆ ಬುನಾದಿ ಹಾಕಿದರು.

ಪಾಚಿ ಹಂಚನ್ನು ತಿನ್ನುತ್ತದೆ ಎಂಬ ಮಾತು ಇಷ್ಟರಮಟ್ಟಿಗೆ ಉತ್ಪ್ರೇಕ್ಷೆ. ಆದರೆ ಹಾವಸೆಯ ಮೆತ್ತೆ ಧೂಳನ್ನೂ ತರಗೆಲೆಯ ಪುಡಿಯನ್ನೂ ಹಕ್ಕಿಯ ಹಿಕ್ಕೆಯನ್ನೂ ಹಿಡಿದಿಟ್ಟು, ಮಣ್ಣಿಲ್ಲದ ಕಡೆ ತೆಳುವಾದ ಮಣ್ಣನ್ನು ಸೃಷ್ಟಿಸುತ್ತದೆ, ಆ ಮಣ್ಣಿನಲ್ಲಿ ಮೊದಲು ಜರಿಗಿಡ ಮತ್ತು ಹುಲ್ಲು, ಕೊನೆಗೆ ಹಕ್ಕಿಗಳು ತಂದ ಬೀಜದಿಂದ ಅಶ್ವತ್ಥ, ಗೋಳಿ, ಬಸರಿ ಸಸಿಗಳು ಮೊಳೆಯುತ್ತವೆ. ಕಟ್ಟಡದ ನಿಜವಾದ ಶತ್ರು ಈ ಕೊನೆಯ ಹಂತದ್ದು, ಯಾಕೆಂದರೆ ಆಲದ ಜಾತಿಯ ಈ ಮರಗಳ ಬೇರು ಮುರಕಲ್ಲಿನ ಸಂದಿಗಾಗಲಿ ಸಿಮೆಂಟಿನ ಬಿರುಕಿಗಾಗಲಿ ಒಮ್ಮೆ ಇಳಿದರೆ, ಗಾರೆಯನ್ನು ಒಡೆಯದೆ ಅದನ್ನು ಹೊರತೆಗೆಯಲಾಗದು.

ಸೋಗೆ ಹೋಗಿ ಹಂಚು ಬಂದಾಗ

ಮಾಡಿನ ಪಾಚಿ ಒಂದು ಸಮಸ್ಯೆಯಾಗಿ ಕಾಣಿಸಿಕೊಂಡದ್ದೇ ಮಾಡು ಬಾಳಿಕೆಯದಾದ ಮೇಲೆ. ಹಂಚಿಗೆ ಮೊದಲು ಕರಾವಳಿ ಮತ್ತು ಮಲೆನಾಡಿನ ಬಹುತೇಕ ಮನೆಗಳಿಗೆ ಅಡಕೆ ಸೋಗೆ, ತೆಂಗಿನ ಗರಿ ಅಥವಾ ಮುಳಿಹುಲ್ಲಿನ ಹೊದಿಕೆ ಇರುತ್ತಿತ್ತು, ಅದನ್ನು ಮಳೆಗಾಲಕ್ಕೆ ಮುನ್ನ ಹೊಸದಾಗಿ ಹೊದೆಸಲಾಗುತ್ತಿತ್ತು. ಹಳೆಯ ಹೊದಿಕೆ ಗೊಬ್ಬರದ ಗುಂಡಿ ಸೇರುತ್ತಿದ್ದುದರಿಂದ ಪಾಚಿಗೆ ಒಂದೆಡೆ ನೆಲೆಯೂರಲು ಸಮಯವೇ ಸಿಗುತ್ತಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸಂಸ್ಥೆ 1865ರಲ್ಲಿ ನಗರದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ನೇತ್ರಾವತಿ ಮತ್ತು ಗುರುಪುರ ನದಿಗಳ ಬಯಲಿನ ಜೇಡಿಮಣ್ಣನ್ನು ಅಚ್ಚಿಗೆ ಹಾಕಿ ಸುಟ್ಟು ತಯಾರಿಸಿದ ಹಂಚು, ಮಂಗಳೂರು ಹಂಚು ಎಂಬ ಹೆಸರಿನಲ್ಲಿ ಕಡಲ ಮಾರ್ಗವಾಗಿ ದೂರದ ಊರುಗಳಿಗೂ ಹೋಯಿತು.

ಈ ಹಂಚಿನ ವಿಶೇಷ ಅದರ ಅಂಚಿನಲ್ಲಿದೆ. ಒಂದು ಹಂಚಿನ ಏಣು ಪಕ್ಕದ ಹಂಚಿನ ತೋಡಿನಲ್ಲಿ ಕೂರುತ್ತದೆ, ಮೇಲಿನ ಸಾಲಿನ ಹಂಚು ಕೆಳಗಿನ ಸಾಲಿನ ತಲೆಯನ್ನು ಮುಚ್ಚುತ್ತದೆ, ಹಿಂಬದಿಯ ಮೂಗು ಅಡ್ಡಕ್ಕೆ ಹೊಡೆದ ರೀಪಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಸಂದಿಯೊಳಗೆ ಇಳಿದ ಅಷ್ಟಿಷ್ಟು ನೀರು ತೋಡಿನ ಮೂಲಕವೇ ಹರಿದು ಕೆಳಗಿನ ಹಂಚಿನ ಬೆನ್ನಿಗೆ ಬೀಳುವಂತೆ ಇಡೀ ಏರ್ಪಾಡಿದೆ. ಸಾಮಾನ್ಯವಾಗಿ ಮೊಳೆ ಹೊಡೆಯದೆ ಕೂರಿಸುವುದರಿಂದ ಒಡೆದ ಹಂಚನ್ನು ಒಂದೊಂದಾಗಿ ಬದಲಿಸಬಹುದು, ಬೇಕಾದರೆ ಇಡೀ ಮಾಡನ್ನು ಬಿಚ್ಚಿ ಮತ್ತೆ ಹೊದೆಸಬಹುದು. ಮಳೆಗಾಲಕ್ಕೆ ಮುನ್ನ ಮಾಡಿಗೆ ಕೈಯಾಡಿಸುವುದು, ಅಂದರೆ ಜರುಗಿದ ಹಂಚನ್ನು ಸರಿಪಡಿಸಿ ಒಡೆದದ್ದನ್ನು ತೆಗೆದು ಕಸ ಗುಡಿಸುವುದು, ಈ ಭಾಗದ ಗೃಹಕೃತ್ಯದ ಒಂದು ಅಂಗವೇ ಆಗಿತ್ತು. ಮಕ್ಕಳು ಊರು ಬಿಟ್ಟು ನಗರ ಸೇರಿದ ಮನೆಗಳಲ್ಲಿ, ಹಂಚಿನ ಕೆಲಸ ಬಲ್ಲವರು ಸಿಗುವುದೂ ಕಷ್ಟವಾದ ಊರುಗಳಲ್ಲಿ ಈ ರೂಢಿ ಸಡಿಲಗೊಂಡಿತು, ಹಲವು ಮಳೆಗಾಲಗಳ ಹಾವಸೆ ಒಂದರ ಮೇಲೊಂದು ಕೂತು ದಪ್ಪಗಾಯಿತು. ಇಂದು ಪಾಚಿಯ ಸಮಸ್ಯೆ ಎಂದು ತೋರುವುದು ಬಹುಮಟ್ಟಿಗೆ ಕೈಯಾಡಿಸುವುದು ನಿಂತುಹೋದದ್ದರ ಪರಿಣಾಮ.

ಹಾನಿಯ ಲೆಕ್ಕ

ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುವ ಸಲಹೆಗಳು ಹೆಚ್ಚಾಗಿ ಬ್ರಿಟನ್ ಮತ್ತು ಅಮೆರಿಕದಂತಹ ಚಳಿದೇಶಗಳ ಅನುಭವದಿಂದ ಬಂದಂಥವು. ಅಲ್ಲಿ ಪಾಚಿ ತೆಗೆಸಲು ಕೊಡುವ ಮುಖ್ಯ ಕಾರಣಗಳಲ್ಲಿ ಹಿಮವೂ ಒಂದು: ಹಂಚಿನ ರಂಧ್ರಗಳಲ್ಲಿ ಹೀರಿಕೊಂಡ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಿಗ್ಗಿದ ರಭಸಕ್ಕೆ ಹಂಚಿನ ಮೇಲ್ಪದರ ಚಕ್ಕೆಯಾಗಿ ಏಳುತ್ತದೆ, ಒದ್ದೆಯನ್ನು ಹಿಡಿದಿಡುವ ಪಾಚಿ ಆ ಹಾನಿಯನ್ನು ಹೆಚ್ಚಿಸುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಉಷ್ಣಾಂಶ ಹೆಪ್ಪುಗಟ್ಟುವ ಮಟ್ಟದ ಹತ್ತಿರಕ್ಕೂ ಹೋಗುವುದಿಲ್ಲವಾದ್ದರಿಂದ ಈ ಕಾರಣ ಇಲ್ಲಿಗೆ ಅನ್ವಯಿಸುವುದೇ ಇಲ್ಲ.

ಭಾರದ ಭಯವನ್ನೂ ಲೆಕ್ಕ ಹಾಕಿ ನೋಡಬಹುದು. ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಮಂಗಳೂರು ಹಂಚು ಬೇಕಾಗುತ್ತವೆ. ಒಂದೊಂದು ಹಂಚು ಎರಡರಿಂದ ಮೂರು ಕಿಲೋ ತೂಗುವುದರಿಂದ ಹಂಚಿನ ಭಾರವೇ 30ರಿಂದ 45 ಕಿಲೋ ಆಗುತ್ತದೆ. ಅದೇ ಜಾಗವನ್ನು ಒಂದು ಸೆಂಟಿಮೀಟರ್ ದಪ್ಪದ ಪಾಚಿ ಎಲ್ಲೂ ಬಿಡದೆ ಮುಚ್ಚಿದೆ, ಆ ಪದರವೆಲ್ಲ ನೀರೇ ತುಂಬಿದೆ ಎಂದುಕೊಂಡರೂ ಸೇರುವ ಭಾರ ಸುಮಾರು ಹತ್ತು ಕಿಲೋ. ಮಾಡನ್ನು ಹೊರುವ ಗಟ್ಟಿಯಾದ ಪಕ್ಕಾಸು ಇದನ್ನು ತಾಳಿಕೊಳ್ಳುತ್ತದೆ; ಗೆದ್ದಲು ಹಿಡಿದ, ತುದಿ ಕೊಳೆತ ಪಕ್ಕಾಸಿಗೆ ಮಾತ್ರ ಆ ಹತ್ತು ಕಿಲೋ ಕೂಡ ಅಪಾಯವಾಗಬಹುದು, ಆಗ ಮೊದಲು ನೋಡಬೇಕಾದದ್ದು ಪಕ್ಕಾಸನ್ನು.

ನಿಜವಾದ ಹಾನಿ ಆಗುವುದು ನೀರಿನ ದಾರಿ ತಪ್ಪಿದಾಗ. ಹಂಚಿನ ತೋಡಿನಲ್ಲಿ ಹಾವಸೆ ಮತ್ತು ಧೂಳು ಸೇರಿ ಬಿರಡೆಯಂತೆ ಕೂತರೆ, ಕೆಳಗೆ ಹರಿಯಬೇಕಾದ ನೀರು ಅಂಚು ದಾಟಿ ಒಳಕ್ಕೆ ತೊಟ್ಟಿಕ್ಕುತ್ತದೆ. ಮೇಲಿನ ಸಾಲು ಕೆಳಗಿನ ಸಾಲನ್ನು ಮುಚ್ಚುವ ಸಂದಿಯಲ್ಲಿ ಮೆತ್ತೆ ಬೆಳೆದರೆ ಹಂಚು ತುಸು ಮೇಲೆತ್ತಿಕೊಳ್ಳುತ್ತದೆ, ಪಶ್ಚಿಮದ ಗಾಳಿಯೊಂದಿಗೆ ಬರುವ ಇರಚಲು ಅದರಡಿಗೆ ನುಗ್ಗುತ್ತದೆ. ಕಿರಿದಾದ ಸಂದಿಯಲ್ಲಿ ನೀರು ತಾನಾಗಿ ಏರುವ ಗುಣವೂ, ಅಂದರೆ ಲೋಮನಾಳ ಕ್ರಿಯೆಯೂ, ಇದಕ್ಕೆ ಸೇರಿಕೊಳ್ಳುತ್ತದೆ. ಹೀಗೆ ಒಳಸೇರಿದ ನೀರಿನಿಂದ ಮೊದಲು ಕೆಡುವುದು ಹಂಚಿನಡಿಯ ರೀಪು ಮತ್ತು ಪಕ್ಕಾಸು. ಒದ್ದೆಯಾಗಿಯೇ ಉಳಿದ ಮರಕ್ಕೆ ಶಿಲೀಂಧ್ರ ಹತ್ತುತ್ತದೆ, ಆಮೇಲೆ ಗೆದ್ದಲು. ಎರಡು ಮಾಡುಗಳ ಇಳಿಜಾರು ಕೂಡುವ ಒಳಮೂಲೆ, ಸೂರಿನಂಚಿನ ದಂಬೆ, ಮಾಡಿನ ನೆತ್ತಿಯ ಹಂಚಿನಡಿಯ ಗಾರೆ, ಈ ಮೂರು ಕಡೆ ಪಾಚಿ ಸೇರಿದರೆ ಮನೆಯವರು ಸುಮ್ಮನಿರುವುದು ಸಲ್ಲದು. ಹಂಚಿನ ತೆರೆದ ಬೆನ್ನಿನ ಮೇಲೆ ತೆಳುವಾಗಿ ಹಬ್ಬಿದ ಹಸಿರು ಇದಕ್ಕೆ ಹೋಲಿಸಿದರೆ ಬಹುಮಟ್ಟಿಗೆ ನಿರುಪದ್ರವಿ.

ಪಾಚಿಯ ಪರವಾಗಿ ಹೇಳುವ ತಂಪಿನ ವಾದಕ್ಕೂ ಇಂಥದೇ ಪರೀಕ್ಷೆ ಬೇಕು. ಒದ್ದೆ ಹಾವಸೆಯಿಂದ ನೀರು ಆವಿಯಾಗುವಾಗ ಮೇಲ್ಮೈ ತಂಪಾಗುವುದು ನಿಜ; ಆದರೆ ಹಾವಸೆ ಒದ್ದೆಯಾಗಿರುವ ಮಳೆಗಾಲದಲ್ಲಿ ಮನೆಗೆ ತಂಪಿನ ಅಗತ್ಯವಿಲ್ಲ, ಅಗತ್ಯವಿರುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅದು ಒಣಗಿ ಮುದುಡಿಕೊಂಡಿರುತ್ತದೆ. ಪಾಚಿಗೆ ಮನ್ನಣೆ ಸಲ್ಲಬೇಕಾದದ್ದು ಬೇರೆ ಕಾರಣಕ್ಕೆ: ಆ ಮೆತ್ತೆಯೊಳಗೆ ನೀರುಕರಡಿ ಎಂದು ಕರೆಯುವ ಸೂಕ್ಷ್ಮಪ್ರಾಣಿಗಳಿಂದ ಹಿಡಿದು ಜಿಗಿಬಾಲದ ಹುಳಗಳವರೆಗೆ ಒಂದು ಪುಟ್ಟ ಜೀವಲೋಕವಿದೆ, ಅದನ್ನು ಕೆದಕಿ ಹುಳ ಹೆಕ್ಕುವ ಹಕ್ಕಿಗಳಿವೆ, ಗೂಡಿಗೆ ಅದನ್ನೇ ಒಯ್ಯುವ ಹಕ್ಕಿಗಳೂ ಇವೆ. ಮಾಡಿಗೆ ಹಾನಿಯಿಲ್ಲದ ಕಡೆ ಅದನ್ನು ಉಳಿಸುವುದರಿಂದ ಯಾರಿಗೂ ನಷ್ಟವಿಲ್ಲ.

ದಿಕ್ಕು, ನೆರಳು, ಒಣಗುವಿಕೆ

ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಪಾಚಿ ಹೆಚ್ಚು ಎಂಬ ಮಾತೂ ಯುರೋಪ್ ಮತ್ತು ಅಮೆರಿಕದ ಅಕ್ಷಾಂಶಗಳಿಗೆ ಹೊಂದುವಷ್ಟು ಇಲ್ಲಿಗೆ ಹೊಂದುವುದಿಲ್ಲ. ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಪಾಚಿ ಭರದಿಂದ ಬೆಳೆಯುವ ಜೂನ್, ಜುಲೈ ತಿಂಗಳುಗಳಲ್ಲಿ ಮೋಡದ ನಡುವೆ ಇಣುಕುವ ಬಿಸಿಲು ಉತ್ತರದ ಇಳಿಜಾರಿಗೂ ಸಿಗುತ್ತದೆ. ಮಳೆ ಮುಗಿದು ಸೂರ್ಯ ದಕ್ಷಿಣಕ್ಕೆ ಸರಿದ ಮೇಲೆ ಮಾತ್ರ ಉತ್ತರದ ಮಾಡಿಗೆ ಬಿಸಿಲು ಓರೆಯಾಗಿ ಬಿದ್ದು, ಅದು ಒಣಗುವುದು ಸ್ವಲ್ಪ ತಡವಾಗುತ್ತದೆ.

ದಿಕ್ಕಿಗಿಂತ ಹೆಚ್ಚಿನ ಪಾತ್ರ ವಹಿಸುವುದು ಮಾಡಿನ ಮೇಲೆ ಬಾಗಿದ ಹಲಸು, ಮಾವು, ತೆಂಗು. ಅವುಗಳ ನೆರಳಿನಿಂದ ಹಂಚು ಒಣಗುವುದಿಲ್ಲ, ಉದುರಿದ ಎಲೆ ಗೊಬ್ಬರವಾಗುತ್ತದೆ, ಮಳೆ ನಿಂತ ಮೇಲೂ ಎಲೆಗಳಿಂದ ಹನಿ ತೊಟ್ಟಿಕ್ಕುತ್ತಲೇ ಇರುತ್ತದೆ. ಸರಿಯಾಗಿ ಬೇಯದ ಹಂಚು ಹೆಚ್ಚು ನೀರು ಕುಡಿಯುವುದರಿಂದ ಒಂದೇ ಮಾಡಿನಲ್ಲಿ ಕೆಲವು ಹಂಚು ಹಸಿರಾಗಿ ಕೆಲವು ಕೆಂಪಾಗಿ ಉಳಿಯುವುದುಂಟು. ಇಳಿಜಾರು ಕಡಿಮೆಯಾದ ಮಾಡಿನಲ್ಲಿ ನೀರು ನಿಧಾನವಾಗಿ ಹರಿದು ಪಾಚಿಗೆ ಅನುಕೂಲವಾಗುತ್ತದೆ. ಮಾಡಿನ ಯಾವ ಭಾಗ ಒಣಗುತ್ತಿಲ್ಲ ಎಂಬುದನ್ನು ಪಾಚಿಯೇ ತೋರಿಸಿಕೊಡುವಾಗ, ಆ ಕಾರಣವನ್ನು ಹಾಗೆಯೇ ಬಿಟ್ಟು ಪಾಚಿಯನ್ನಷ್ಟೇ ಕೆರೆಸಿದರೆ ಗಾಳಿಯಲ್ಲಿ ತೇಲಿ ಬರುವ ಬೀಜಕಣಗಳಿಂದಲೂ ಸಂದಿಯಲ್ಲಿ ಉಳಿದ ತುಣುಕುಗಳಿಂದಲೂ ಅದು ಕೆಲವೇ ಮಳೆಗಾಲಗಳಲ್ಲಿ ಮರಳಿ ಬರುತ್ತದೆ. ಬಾಗಿದ ಕೊಂಬೆಯೊಂದನ್ನು ಕಡಿಸಿದರೆ ಆಗುವ ಪ್ರಯೋಜನ ಹಲವು ಸಲ ತೊಳೆಸಿದರೂ ಆಗುವುದಿಲ್ಲ.

ಯಂತ್ರ, ಆಸಿಡ್, ಮೈಲುತುತ್ತ

ಒತ್ತಡದಿಂದ ನೀರು ಚಿಮ್ಮಿಸುವ ತೊಳೆಯುವ ಯಂತ್ರ ಕ್ಷಣಮಾತ್ರದಲ್ಲಿ ಹಂಚನ್ನು ಕೆಂಪಾಗಿಸುವುದರಿಂದ ಆಕರ್ಷಕವಾಗಿ ಕಾಣುತ್ತದೆ. ಆದರೆ ಹಂಚು ಗೂಡಿನಲ್ಲಿ ಬೆಂದಾಗ ಮೈಮೇಲೆ ಮೂಡುವ ಬಿಗಿಯಾದ ಪದರವನ್ನು ಹತ್ತಿರದಿಂದ ಚಿಮ್ಮುವ ನೀರು ಕಿತ್ತುಹಾಕಿದರೆ ಒಳಗಿನ ರಂಧ್ರಗಳು ತೆರೆದುಕೊಳ್ಳುತ್ತವೆ, ಮುಂದಿನ ಮಳೆಗಾಲದಲ್ಲಿ ಹಂಚು ಇನ್ನಷ್ಟು ನೀರು ಹೀರುತ್ತದೆ, ಪಾಚಿಗೆ ಹಿಡಿತವೂ ಸುಲಭವಾಗುತ್ತದೆ. ಮೇಲಿನಿಂದ ಕೆಳಕ್ಕೆ ಹರಿಯುವ ನೀರಿಗಾಗಿ ರೂಪಿಸಿದ ಸಂದಿಗಳಿಗೆ ಕೆಳಗಿನಿಂದ ಮೇಲಕ್ಕೆ ನೀರು ಚಿಮ್ಮಿಸಿದರೆ ಅದು ನೇರವಾಗಿ ಅಟ್ಟಕ್ಕೆ ಇಳಿಯುತ್ತದೆ.

ರಾಸಾಯನಿಕಗಳಲ್ಲಿ ಬ್ಲೀಚಿಂಗ್ ಪುಡಿಯ ನೀರು ಪಾಚಿಯನ್ನು ಕೊಲ್ಲುತ್ತದೆ, ಜೊತೆಗೆ ಸೂರಿನಡಿಯ ಗಿಡಗಳನ್ನೂ ಸುಡುತ್ತದೆ, ತಗಡು ಮತ್ತು ಮೊಳೆಗಳಿಗೆ ತುಕ್ಕು ಹಿಡಿಸುತ್ತದೆ; ಅದನ್ನು ಆಸಿಡ್ ಜೊತೆ ಬೆರೆಸಿದರೆ ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ. ನೆಲ ತೊಳೆಯಲು ಬಳಸುವ ಆಸಿಡ್ ಸುಣ್ಣ ಮತ್ತು ಸಿಮೆಂಟಿನ ಗಾರೆಯನ್ನು ಕರಗಿಸುವುದರಿಂದ ಮಾಡಿನ ನೆತ್ತಿಯ ಗಾರೆಗೂ ತಾರಸಿಗೂ ಅದು ಸಲ್ಲದು. ಉಪ್ಪುನೀರು ಸುರಿಯುವುದು ನಿರಪಾಯ ಎಂದು ತೋರಿದರೂ, ಉಪ್ಪು ಹಂಚಿನ ರಂಧ್ರಗಳಲ್ಲಿ ಹರಳುಗಟ್ಟಿ ಮೇಲ್ಪದರವನ್ನು ಪುಡಿ ಮಾಡುತ್ತದೆ.

ಅಡಕೆ ಬೆಳೆಯುವ ಪ್ರದೇಶದಲ್ಲಿ ಮೈಲುತುತ್ತದ ವಿಚಾರ ಸಹಜವಾಗಿಯೇ ಬರುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ತಯಾರಿಸುವ ಶೇ 1ರ ಬೋರ್ಡೋ ದ್ರಾವಣ, ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ಕೊಳೆರೋಗದ ಮೇಲೆ ನಡೆಸಿದ ಅಧ್ಯಯನದ ಕಾಲದಿಂದಲೂ ಅಡಕೆ ತೋಟಗಳ ಮುಖ್ಯ ಔಷಧಿ. ಅದರಲ್ಲಿರುವ ತಾಮ್ರ ಶಿಲೀಂಧ್ರದಂತೆ ಪಾಚಿಗೂ ವಿಷ. ಚಳಿದೇಶಗಳಲ್ಲಿ ಮಾಡಿನ ನೆತ್ತಿಗೆ ತಾಮ್ರ ಅಥವಾ ಸತುವಿನ ಪಟ್ಟಿ ಹೊಡೆದು, ಮಳೆನೀರಿನಲ್ಲಿ ಕರಗಿ ಇಳಿಯುವ ಲೋಹದಿಂದ ಪಾಚಿಯನ್ನು ತಡೆಯುವ ಕ್ರಮ ಇದೇ ತತ್ವವನ್ನು ಅವಲಂಬಿಸಿದೆ, ಅದರ ಪರಿಣಾಮ ಪಟ್ಟಿಯಿಂದ ಸ್ವಲ್ಪ ದೂರದವರೆಗೆ ಮಾತ್ರ. ಆದರೆ ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ತಯಾರಿಸಬಾರದು ಎಂಬುದು ಪ್ರತಿಯೊಬ್ಬ ಅಡಕೆ ಬೆಳೆಗಾರರಿಗೂ ಗೊತ್ತು. ಕಬ್ಬಿಣವನ್ನು ಕೆಡಿಸುವ ಆ ತಾಮ್ರವನ್ನು ತಗಡಿನ ದಂಬೆ, ಮೊಳೆ, ಕಬ್ಬಿಣದ ಚೌಕಟ್ಟುಗಳಿರುವ ಮಾಡಿಗೆ ಸುರಿಯುವುದೂ ಅಷ್ಟೇ ಅನುಚಿತ. ಮಾಡಿನ ನೀರು ಇಳಿಯುವುದು ಅಂಗಳಕ್ಕೆ, ಅಂಗಳದ ನೀರು ಇಂಗುವುದು ಬಾವಿಗೆ ಅಥವಾ ಹರಿಯುವುದು ಮೀನುಗಳಿರುವ ತೋಡಿಗೆ. ತಾಮ್ರ ಮೀನಿಗೆ ವಿಷಕಾರಿ.

ಇವೆಲ್ಲಕ್ಕಿಂತ ಸರಳವೂ ಅಗ್ಗವೂ ಆದ ದಾರಿ ಮಂಗಳೂರು ಹಂಚಿನ ರಚನೆಯಲ್ಲೇ ಇದೆ. ಜನವರಿಯಿಂದ ಏಪ್ರಿಲ್‌ವರೆಗಿನ ಬಿಸಿಲಿಗೆ ಒಣಗಿ ಹಿಡಿತ ಸಡಿಲಿಸಿದ ಹಾವಸೆ ಮರದ ಚಕ್ಕೆಯಿಂದ ಕೆರೆದರೆ ಚೂರುಚೂರಾಗಿ ಏಳುತ್ತದೆ. ಮೇಲಿನಿಂದ ಕೆಳಮುಖವಾಗಿ ಕೆರೆದು ಹಿಡಿಸೂಡಿಯಿಂದ ಗುಡಿಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ದಟ್ಟವಾಗಿ ಹಿಡಿದ ಹಂಚುಗಳನ್ನು ಕೆಳಗಿಳಿಸಿ, ತೆಂಗಿನ ನಾರಿನ ಬ್ರಷ್ಷಿನಿಂದ ಬರೀ ನೀರಿನಲ್ಲಿ ತಿಕ್ಕಿ, ಬಿಸಿಲಲ್ಲಿ ಒಣಗಿಸಿ ಮತ್ತೆ ಹೊದೆಸಬಹುದು, ಅದೇ ಹೊತ್ತಿಗೆ ರೀಪು, ಪಕ್ಕಾಸುಗಳ ತಪಾಸಣೆಯೂ ಆಗುತ್ತದೆ. ಕೆರೆದ ಹಾವಸೆಯನ್ನು ಅಡಕೆ ಅಥವಾ ತೆಂಗಿನ ಬುಡಕ್ಕೆ ಹಾಕಿದರೆ ಅದು ತೇವ ಹಿಡಿದಿಡುತ್ತದೆ. ಹಂಚಿಗೆ ಬಣ್ಣ ಹೊಡೆಸುವುದೇ ಆದರೆ ಹಂಚು ಪೂರ್ತಿ ಒಣಗಿರಬೇಕು. ಒದ್ದೆಯ ಮೇಲೋ ಸತ್ತ ಪಾಚಿಯ ಮೇಲೋ ಹೊಡೆದ ಬಣ್ಣ ಪೊರೆಯಂತೆ ಏಳುತ್ತದೆ, ಆ ಪೊರೆಯಡಿಯಲ್ಲಿ ನೀರು ನಿಂತು ಹಂಚು ಮೊದಲಿಗಿಂತ ಬೇಗ ಕೆಡುತ್ತದೆ.

ತಾರಸಿ ಮತ್ತು ಸಿಮೆಂಟ್ ಶೀಟ್

ಕಾಂಕ್ರೀಟ್ ತಾರಸಿಯ ವಿಷಯದಲ್ಲಿ ಉತ್ತರ ಹೆಚ್ಚು ಖಚಿತ: ಅಲ್ಲಿ ಪಾಚಿಯನ್ನು ತೆಗೆಸಬೇಕು. ಇಳಿಜಾರಿಲ್ಲದ ಮೇಲ್ಮೈಯಲ್ಲಿ ಪಾಚಿ ಇದೆ ಎಂದರೆ ಅಲ್ಲಿ ನೀರು ನಿಲ್ಲುತ್ತಿದೆ ಎಂದೇ ಅರ್ಥ. ನಿಂತ ನೀರು ಬಿರುಕಿನ ಮೂಲಕ ಇಳಿದು ಕಬ್ಬಿಣದ ಸರಳನ್ನು ಮುಟ್ಟಿದರೆ ಸರಳು ತುಕ್ಕು ಹಿಡಿದು ಹಿಗ್ಗುತ್ತದೆ, ಕೆಳಗಿನ ಕೋಣೆಯ ಚಾವಣಿಯಿಂದ ಕಾಂಕ್ರೀಟಿನ ಚಕ್ಕೆ ಉದುರುತ್ತದೆ. ಬಟ್ಟೆ ಒಣಹಾಕಲು, ಟ್ಯಾಂಕ್ ನೋಡಲು ದಿನನಿತ್ಯ ಓಡಾಡುವವರು ಜಾರಿ ಬೀಳುವ ಅಪಾಯ ಬೇರೆ. ನೀರು ಹೊರಹೋಗುವ ಕಿಂಡಿಗಳನ್ನು ಬಿಡಿಸಿ, ತಗ್ಗು ಬಿದ್ದ ಕಡೆ ಗಾರೆ ತುಂಬಿ ಇಳಿಜಾರು ಕೊಡುವುದು ಮೊದಲ ಕೆಲಸ. ಮಳೆ ನಿಂತ ಮೇಲೆ ಪಾರಪೆಟ್ ಗೋಡೆ ಮತ್ತು ಪಾಗಾರಕ್ಕೆ ಸುಣ್ಣ ಬಳಿಯುವ ಹಳೆಯ ಪದ್ಧತಿಗೂ ಇಲ್ಲಿ ಅರ್ಥವಿದೆ, ಯಾಕೆಂದರೆ ಹೊಸ ಸುಣ್ಣದ ತೀವ್ರ ಕ್ಷಾರಗುಣ ಸ್ವಲ್ಪ ಕಾಲ ಪಾಚಿಯನ್ನು ದೂರವಿಡುತ್ತದೆ. ಬೆಂಗಳೂರಿನಲ್ಲಿ ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯಿಂದ ಮಳೆನೀರು ಸಂಗ್ರಹ ಕಡ್ಡಾಯವಾದ ಮೇಲೆ ಅನೇಕ ತಾರಸಿಗಳ ನೀರು ತೊಟ್ಟಿ ಸೇರುತ್ತಿದೆ. ಅಂಥ ಮನೆಗಳಲ್ಲಿ ತಾರಸಿ ತೊಳೆಯುವಾಗ ತೊಟ್ಟಿಗೆ ಹೋಗುವ ಪೈಪನ್ನು ಮುಚ್ಚಬೇಕು, ರಾಸಾಯನಿಕವನ್ನಂತೂ ಬಳಸಲೇಬಾರದು.

ಸಿಮೆಂಟ್ ಶೀಟ್ ಮಾಡಿನ ವಿಷಯದಲ್ಲಿ ಉತ್ತರ ಇನ್ನೂ ಖಚಿತ, ಆದರೆ ತದ್ವಿರುದ್ಧ: ಅದನ್ನು ಕೆರೆಯಲೇಬಾರದು. ಹಳೆಯ ಶೀಟುಗಳಲ್ಲಿ ಆಸ್ಬೆಸ್ಟಾಸ್ ಎಂಬ ಖನಿಜದ ಎಳೆಗಳಿರುತ್ತವೆ. ಎಲ್ಲ ಬಗೆಯ ಆಸ್ಬೆಸ್ಟಾಸ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಉಸಿರಿನೊಂದಿಗೆ ಒಳಸೇರಿದ ಎಳೆಯಿಂದ ಕಾಯಿಲೆ ಕಾಣಿಸಿಕೊಳ್ಳಲು ಹಲವು ದಶಕಗಳು ಹಿಡಿಯಬಹುದು. ಈ ಉದ್ಯಮದ ಕಾರ್ಮಿಕರ ಪ್ರಕರಣದಲ್ಲಿ 1995ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಕಾರ್ಮಿಕರ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸಾರಿತು. ಒಣ ಶೀಟನ್ನು ಉಜ್ಜಿದರೂ ಯಂತ್ರದಿಂದ ತೊಳೆದರೂ ಎಳೆಗಳು ಬಿಡುಗಡೆಯಾಗುತ್ತವೆ, ಅಲ್ಲದೆ ಹಳೆಯ ಶೀಟು ಕಾಲಿಟ್ಟ ಕೂಡಲೇ ಮುರಿಯುವಷ್ಟು ಹುಡಿಯಾಗಿರುತ್ತದೆ. ಆಸ್ಬೆಸ್ಟಾಸ್ ಇಲ್ಲದ ಶೀಟುಗಳೂ ಮಾರುಕಟ್ಟೆಯಲ್ಲಿವೆಯಾದರೂ ಬರಿಗಣ್ಣಿನಿಂದ ವ್ಯತ್ಯಾಸ ತಿಳಿಯದ ಕಾರಣ, ಪಾಚಿ ಹಿಡಿದ ಹಳೆಯ ಶೀಟನ್ನು ಹಾಗೆಯೇ ಬಿಡುವುದು, ಬದಲಿಸುವಾಗ ಒಡೆಯದೆ ಒದ್ದೆ ಮಾಡಿ ಇಡಿಯಾಗಿ ಇಳಿಸುವುದು ಉಚಿತ.

ಮಾಡು ಹತ್ತುವವರು

ಪಾಚಿಯಿಂದ ಮನೆಗೆ ಆಗುವ ಹಾನಿ ವರ್ಷಗಟ್ಟಲೆ ಹಿಡಿಯುತ್ತದೆ. ಪಾಚಿ ಹಿಡಿದ ಮಾಡಿನಿಂದ ಬಿದ್ದವರಿಗೆ ಆಗುವ ಹಾನಿ ಒಂದು ಕ್ಷಣದ್ದು. ಈ ಎರಡನ್ನೂ ತೂಗಿ ನೋಡದ ಸಲಹೆ ಅಪೂರ್ಣ. ಮಳೆಗಾಲದಲ್ಲಿ ಹಸಿರು ಕಂಡೊಡನೆ ಆಳನ್ನು ಮಾಡಿಗೆ ಹತ್ತಿಸುವುದು ಈ ದೃಷ್ಟಿಯಿಂದ ಅಕ್ಷಮ್ಯ. ಒಣಗಿದ ಕಾಲದಲ್ಲೂ ಹಂಚಿನ ನಡುಭಾಗದ ಮೇಲೆ ಕಾಲಿಟ್ಟರೆ ಅದು ಮುರಿಯುವ ಸಂಭವವಿದ್ದು, ಅಡಿಯಲ್ಲಿ ರೀಪಿನ ಆಧಾರವಿರುವ ಸಾಲಿನ ಮೇಲೆ ಏಣಿಯನ್ನೋ ಹಲಗೆಯನ್ನೋ ಮಲಗಿಸಿ ಭಾರವನ್ನು ಹಂಚುವುದು, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಗಟ್ಟಿಯಾದ ಆಧಾರಕ್ಕೆ ಬಿಗಿಯುವುದು, ಮಾಡಿನ ಹತ್ತಿರ ಹಾದುಹೋಗುವ ವಿದ್ಯುತ್ ತಂತಿಯನ್ನು ಗಮನಿಸುವುದು ಕನಿಷ್ಠ ಎಚ್ಚರಿಕೆಗಳು. ಅಟ್ಟವಿರುವ ಮನೆಗಳಲ್ಲಿ ಒಳಗೆ ನಿಂತೇ ಹಂಚನ್ನು ಮೇಲಕ್ಕೆ ಜರುಗಿಸಿ ಹೊರತೆಗೆಯಬಹುದಾದ್ದರಿಂದ ಮಾಡಿನ ಮೇಲೆ ನಡೆಯುವ ಅಗತ್ಯವೇ ಹಲವು ಸಲ ಬೀಳುವುದಿಲ್ಲ.

ಕಟ್ಟಡದ ದುರಸ್ತಿ ಮತ್ತು ನಿರ್ವಹಣೆಯ ಕೆಲಸವನ್ನೂ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ತನ್ನ ವ್ಯಾಖ್ಯೆಯೊಳಗೆ ತಂದಿತು. ವರ್ಷದಲ್ಲಿ 90 ದಿನ ಇಂಥ ಕೆಲಸ ಮಾಡಿದವರು ರಾಜ್ಯದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡರೆ ಅಪಘಾತದ ಪರಿಹಾರಕ್ಕೆ ಅರ್ಹರಾಗುತ್ತಾರೆ. ಹಂಚಿನ ಕೆಲಸಕ್ಕೆ ಬರುವವರಿಗೆ ಈ ಮಾಹಿತಿ ಕೊಟ್ಟು ನೋಂದಣಿಗೆ ನೆರವಾಗುವುದು ಮನೆಯವರ ಕರ್ತವ್ಯವೆಂದೇ ತಿಳಿಯಬೇಕು.

ಏನು ಮಾಡಬೇಕು

ಇಷ್ಟೆಲ್ಲ ವಿಚಾರದಿಂದ ಹೊರಡುವ ತೀರ್ಮಾನ ಹೀಗಿದೆ. ಇಳಿಜಾರು ಸಾಕಷ್ಟಿದ್ದು ಎಲ್ಲೂ ಸೋರದ ಹಂಚಿನ ಮಾಡಿನಲ್ಲಿ ತೆಳುವಾದ ಹಸಿರನ್ನು ಅಥವಾ ಕಪ್ಪು ಕಲೆಯನ್ನು ಕೇವಲ ನೋಟಕ್ಕಾಗಿ ತೆಗೆಸುವುದು ಹಣದ ದುಂದು, ಹಂಚಿಗೂ ಕೆಡುಕು. ಹಂಚಿನ ತೋಡು, ಸಾಲುಗಳ ಸಂದಿ, ಮಾಡಿನ ಒಳಮೂಲೆ ಮತ್ತು ದಂಬೆಯಲ್ಲಿ ಸೇರಿದ ಹಾವಸೆಯನ್ನು ಮಾತ್ರ ಪ್ರತಿವರ್ಷ ಬೇಸಿಗೆಯಲ್ಲಿ, ಮೊದಲ ಮಳೆಗೆ ಮುನ್ನ, ಕೈಯಿಂದಲೇ ತೆಗೆಸಬೇಕು. ಜರಿಗಿಡ ಮತ್ತು ಗೋಳಿಯ ಸಸಿಯನ್ನು ಕಂಡ ಕೂಡಲೇ ಬೇರುಸಹಿತ ಕೀಳಬೇಕು. ತಾರಸಿಯಲ್ಲಿ ನೀರು ನಿಲ್ಲದಂತೆ ಮಾಡಿ ಪಾಚಿ ತೆಗೆಯಬೇಕು, ಸಿಮೆಂಟ್ ಶೀಟನ್ನು ಮುಟ್ಟಬಾರದು. ಯಂತ್ರ ಮತ್ತು ರಾಸಾಯನಿಕಗಳಿಗೆ ಖರ್ಚು ಮಾಡಲು ಸಿದ್ಧರಿರುವವರು ಆ ಹಣವನ್ನು ಹಂಚಿನ ಕೆಲಸ ಬಲ್ಲ ಊರಿನವರೊಬ್ಬರಿಗೆ ನ್ಯಾಯವಾದ ಕೂಲಿಯಾಗಿ ಕೊಟ್ಟು ವರ್ಷಕ್ಕೊಮ್ಮೆ ಮಾಡಿಗೆ ಕೈಯಾಡಿಸುವ ರೂಢಿಯನ್ನು ಮರಳಿ ಆರಂಭಿಸಿದರೆ, ಪಾಚಿಯ ಪ್ರಶ್ನೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ.